ಕಿರುಬೆರಳಿನ ಕೋಡುಬಳೆ

ಹೇಮಾವತಿ ಹಿಟ್ಟಿನ ಎಳೆಯನ್ನು ಕಿರುಬೆರಳಿಗೆ ಸುತ್ತಿ, ಎರಡು ತುದಿ ಕೂಡಿಸಿ ಅದುಮಿ, ಮೆಲ್ಲಗೆ ಬೆರಳು ಬಿಡಿಸಿಕೊಂಡು ಒದ್ದೆ ಬಟ್ಟೆಯ ಮೇಲೆ ಇಟ್ಟಳು. ಊರವರೆಲ್ಲ ಕೋಡುಬಳೆಯನ್ನು ಬಳೆಯಷ್ಟು ಮಾಡಿದರೆ ಈ ಮನೆಯಲ್ಲಿ ಅದು ಉಂಗುರ. ಒಂದೇ ಸಲಕ್ಕೆ ಬಾಯೊಳಗೆ ಹೋಗಬೇಕು, ಕಡಿದ ಅರ್ಧ ಕೈಯಲ್ಲಿ ಉಳಿಯಬಾರದು. ಗಂಡ ತಿಪ್ಪೇರುದ್ರಪ್ಪ ಚನ್ನಗಿರಿಯಿಂದ ದಾವಣಗೆರೆಗೆ ಖಾಸಗಿ ಬಸ್ಸು ಓಡಿಸುತ್ತಿದ್ದವನು. ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ಗೇರಿಗೆ, ತಿನ್ನಲು ಮೂರನೆಯ ಕೈ ದೇವರು ಕೊಡಲಿಲ್ಲವಲ್ಲ ಎಂದು ಮದುವೆಯಾದ ಹೊಸದರಲ್ಲಿ ಗೊಣಗಿದ್ದ. ಆ ದೀಪಾವಳಿಗೇ ಹೇಮಾವತಿ ಕೋಡುಬಳೆಯನ್ನು ಕಿರುಬೆರಳಿನ ಅಳತೆಗೆ ಇಳಿಸಿದಳು. ಅವನು ಎಡಗೈ ಕಿರುಬೆರಳಿಗೆ ಒಂದನ್ನು ತೊಟ್ಟು, ರಸ್ತೆಯಿಂದ ಕಣ್ಣು ತೆಗೆಯದೆ ಬಾಯಿಗೆ ಜಾರಿಸಿಕೊಂಡು, ಅದೇ ಕೈಯಲ್ಲಿ ಗೇರು ಬದಲಿಸುತ್ತಿದ್ದ.

ಅವನು ಹೋದ ಮೇಲೆ ಇದು ಮೊದಲ ದೀಪಾವಳಿ. ಸಂಜೆ ಹಿರಿಯರಿಗೆ ಎಡೆ ಇಡಬೇಕು, ಈ ಸಲ ಹಿರಿಯರ ಸಾಲಿಗೆ ಅವನೂ ಸೇರಿದ್ದಾನೆ. ಅರವತ್ತೂ ತುಂಬದವನನ್ನು ಹಿರಿಯ ಎನ್ನುವುದು ಹೇಗೆ ಎಂದು ಬೆಳಗಿನಿಂದ ಅವಳಿಗೆ ಒಂದು ಥರದ ನಾಚಿಕೆ.

ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಹಿತ್ತಲ ಗೋಡೆಯ ಆಚೆಯಿಂದ ನಜೀರಾಳ ದನಿ ಬಂತು.

"ಹೇಮಕ್ಕ, ಎಣ್ಣಿ ಹೊಗೆ ಆಡಾಕ್ ಹತ್ತೈತೆ, ಉರಿ ಸಣ್ಣ ಮಾಡು."

ಹೇಮಾವತಿ ಗಡಬಡಿಸಿ ಉರಿ ತಗ್ಗಿಸಿದಳು. ಪಕ್ಕದ ಮನೆಯ ಈ ನಜೀರಾ ಒಬ್ಬಳಿಗೇ ವಿಷಯ ಗೊತ್ತು. ಶ್ರಾವಣದಲ್ಲಿ ಬಂದ ಜ್ವರ, ಉಂಡ ಮನೆಯ ಚಮಚ ಜೇಬಿಗಿಳಿಸುವ ನೆಂಟನ ಹಾಗೆ, ಹೋಗುವಾಗ ಹೇಮಾವತಿಯ ಮೂಗಿಗೆ ಬರುವ ವಾಸನೆಯನ್ನೆಲ್ಲ ಎತ್ತಿಕೊಂಡು ಹೋಗಿತ್ತು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಕಾದರೂ ಅವಳು ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಓಡಿ ಬಂದು ಗ್ಯಾಸು ಆರಿಸಿದವಳು ನಜೀರಾ.

ವಾಸನೆಯಿಲ್ಲದ ಲೋಕ ಕನಸಿನ ಲೋಕದಂತೆಯೇ. ಊದುಬತ್ತಿಯ ಹೊಗೆ ಬರಿಯ ಚಿತ್ರವಾಗಿ ಮೇಲೇರುತ್ತದೆ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ, ಅಷ್ಟೆ. ಸೇವಂತಿಗೆ ಮುಡಿದರೆ ತಲೆಗೆ ಭಾರವೇ ಹೊರತು ಹೂವಿಲ್ಲ. ಅದರ ಬದಲಿಗೆ ಸದ್ದುಗಳು ದೊಡ್ಡವಾಗಿದ್ದವು. ಎಣ್ಣೆಗೆ ಬಿದ್ದ ಕೋಡುಬಳೆ ಮೊದಲು ಗದ್ದಲ ಎಬ್ಬಿಸಿ, ಆಮೇಲೆ ಪಿಸುಗುಟ್ಟಿ, ಬೆಂದ ಮೇಲೆ ಸುಮ್ಮನಾಗುವುದು ಈಗ ಅವಳಿಗೆ ಮಾತಿನ ಹಾಗೆ ಕೇಳುತ್ತಿತ್ತು. ಒಮ್ಮೊಮ್ಮೆ ತಾನೇ ಆ ಕಡೆಯ ಲೋಕದಲ್ಲಿದ್ದು, ಗಂಡ ಈ ಕಡೆ ಎಲ್ಲೋ ಬಸ್ಸು ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದಾನೆ ಎನ್ನಿಸುತ್ತಿತ್ತು. ಜ್ವರ ಬಿಟ್ಟ ಮೇಲೆ ಟ್ರಂಕು ತೆಗೆದು ಅವನ ಖಾಕಿ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಿದ್ದಳು. ಡೀಸಲ್ಲೂ ಇಲ್ಲ, ಬೆವರೂ ಇಲ್ಲ, ಬರಿಯ ಬಟ್ಟೆ. ಅಂದು ಅತ್ತಷ್ಟು ಅವನು ಹೋದ ದಿನವೂ ಅತ್ತಿರಲಿಲ್ಲ.

ಮಗಳು ಸಂಧ್ಯಾರಾಣಿಗೆ ಇದನ್ನು ಹೇಳಿರಲಿಲ್ಲ. ಹೇಳಿದರೆ ನ್ಯಾಮತಿಯಿಂದ ಬಂದು, ಒಲೆ ಆರಿಸಿ, ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ. ಹೋಗಲಿ, ಆದರೆ ಈ ದೀಪಾವಳಿ ಮುಗಿಯಲಿ. ಹೇಮಾವತಿಗೆ ತೀರಿಸಬೇಕಾದದ್ದು ಒಂದಿತ್ತು.

ಕಳೆದ ದೀಪಾವಳಿಯಲ್ಲಿ ತಿಪ್ಪೇರುದ್ರಪ್ಪನಿಗೆ ಡಾಕ್ಟರು ಉಪ್ಪು ಬಿಡಿಸಿದ್ದರು. ನೆಂಟರಿಗೆಂದು ಕರಿದ ಕೋಡುಬಳೆಯ ಡಬ್ಬಕ್ಕೆ ಅವನು ಕಳ್ಳಬೆಕ್ಕಿನ ಹಾಗೆ ಬಂದು ಕೈ ಹಾಕಿದಾಗ ಅವಳು ಆ ಕೈ ಹಿಡಿದು ಹೊರಗೆಳೆದಿದ್ದಳು. ಕಿರುಬೆರಳಿಗೆ ಆಗಲೇ ಒಂದು ತೊಟ್ಟಿದ್ದ. ಅದನ್ನೂ ಬಿಡಿಸಿಕೊಂಡು ಡಬ್ಬಕ್ಕೆ ಹಾಕಿದ್ದಳು. ಅವನು ಸಿಟ್ಟಾಗಲಿಲ್ಲ. ಖಾಲಿ ಬೆರಳನ್ನು ಒಂದು ಸಲ ನೋಡಿಕೊಂಡು, "ಆಗ್ಲಿ ಬಿಡು, ಮುಂದಿನ ಹಬ್ಬಕ್ಕೆ ತಿಂತೀನಿ," ಎಂದು ಜಗಲಿಗೆ ಹೋಗಿ ಕೂತ. ಮುಂದಿನ ಹಬ್ಬ ಇದೇ. ಎಡೆಯ ಎಲೆಯ ಮೇಲೆ ಉಪ್ಪು, ಖಾರ, ಕೊಬ್ಬರಿ ಎಲ್ಲ ಹದವಾಗಿ ಬಿದ್ದ ಕೋಡುಬಳೆ ಅವಳ ಕೈಯಿಂದಲೇ ಆಗಬೇಕಿತ್ತು. ಅದೊಂದಾದರೆ ಆಮೇಲೆ ಒಲೆ ಯಾರ ಪಾಲಾದರೂ ಸರಿ.

ಕೊನೆಯ ಸುತ್ತು ಎಣ್ಣೆಯಿಂದ ಮೇಲೆದ್ದಿತು. ಜಾಲರಿ ಸೌಟು ಅಲ್ಲಾಡಿಸಿದರೆ ಗಲಗಲ ಎಂದವು. ಬಣ್ಣ ಚೆನ್ನಾಗಿ ಬಂದಿತ್ತು. ಡಬ್ಬಕ್ಕೆ ತುಂಬಲು ಕೈ ಚಾಚಿದವಳಿಗೆ ಕಟ್ಟೆಯ ಮೇಲಿನ ಉಪ್ಪಿನ ಭರಣಿ ಕಂಡಿತು. ಅದರ ಮುಚ್ಚಳ ಮುಚ್ಚಿಯೇ ಇತ್ತು.

ಉಪ್ಪು ಹಾಕಿದೆನೇ?

ಅವಳು ಕಣ್ಣು ಮುಚ್ಚಿ ಬೆಳಗಿನಿಂದ ನೆನೆದುಕೊಂಡಳು. ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ, ಜೀರಿಗೆ ಮಿಕ್ಸಿಗೆ ಹಾಕಿದ್ದು ನೆನಪಿದೆ. ಹಿಟ್ಟಿಗೆ ಓಂಕಾಳು ಉಜ್ಜಿ ಹಾಕಿದ್ದು, ಎಣ್ಣೆ ಕಾಯಿಸಿ ಸುರಿದದ್ದು ನೆನಪಿದೆ. ಉಪ್ಪಿಗೆಂದು ಕೈ ಎತ್ತಿದಾಗಲೇ ತಿರುವಿನಲ್ಲಿ ದಾವಣಗೆರೆ ಬಸ್ಸಿನ ಹಾರನ್ನು ಕೇಳಿತ್ತು. ಮೊದಲು ಒಂದು ಉದ್ದ, ಆಮೇಲೆ ಒಂದು ಗಿಡ್ಡ. ತಿಪ್ಪೇರುದ್ರಪ್ಪ ಮನೆಯ ಮುಂದೆ ಹಾದುಹೋಗುವಾಗ ಹಾಗೆಯೇ ಬಾರಿಸುತ್ತಿದ್ದ. ಹೊಸ ಡ್ರೈವರು ಯಾವ ಹಸುವಿಗೆ ಬಾರಿಸಿದನೋ, ಇವಳ ಕಾಲು ತಾನಾಗಿಯೇ ಬಾಗಿಲಿಗೆ ಹೋಗಿತ್ತು. ಹಿಟ್ಟಿನ ಕೈಯಲ್ಲೇ ನಿಂತು, ಬಸ್ಸು ಮರೆಯಾಗುವವರೆಗೂ ನೋಡಿ, ಬಂದು ಕಲಸಲು ಕೂತಿದ್ದಳು. ನಡುವೆ ಭರಣಿ ಮುಟ್ಟಿದಳೋ ಇಲ್ಲವೋ, ಅದು ಮಾತ್ರ ಮಂಜು.

ನಾಲಿಗೆಯೇನೋ ಉಪ್ಪನ್ನೂ ಹುಳಿಯನ್ನೂ ಇನ್ನೂ ಬಲ್ಲದು. ಒಂದನ್ನು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆದರೆ ಇದು ಮೀಸಲು. ಎಡೆಗೆ ಇಡುವ ಮುಂಚೆ ಯಾರ ನಾಲಿಗೆಯೂ ಮುಟ್ಟಬಾರದು, ಬೇಕೆಂದು ಮೂಸಲೂ ಬಾರದು. ತಾನಾಗಿ ಮೂಗಿಗೆ ಬಂದ ವಾಸನೆಗೆ ಮಾತ್ರ ದೋಷವಿಲ್ಲವೆಂದು ಹಿಂದಿನವರು ದೊಡ್ಡ ಮನಸ್ಸು ಮಾಡಿದ್ದರು. ಇಷ್ಟು ವರ್ಷವೂ ಅವಳ ಮೀಸಲಡುಗೆ ನಡೆದದ್ದು ಆ ಸಂದಿಯಲ್ಲೇ. ಉಪ್ಪು ಬಿದ್ದ ಹಿಟ್ಟು ಕರಿಯುವಾಗಿನ ವಾಸನೆಯೇ ಬೇರೆ ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ಈಗ ಆ ಮೂಗೇ ಬೀಗ ಹಾಕಿಕೊಂಡು ಕೂತಿತ್ತು.

ಅವಳು ಗೋಡೆಯ ಹತ್ತಿರ ಹೋದಳು. "ನಜೀರಾ, ಉಪ್ಪು ಹಾಕೀನೋ ಇಲ್ವೋ ನೆಪ್ಪಾಗ್ತಿಲ್ಲ ಕಣೆ. ವಾಸ್ನೆ ಹೆಂಗೈತೆ?"

"ಘಮ್ ಅಂತೈತೆ. ಆದ್ರೆ ಉಪ್ಪಿಗೆ ಎಲ್ಲಿ ವಾಸ್ನೆ ಇರ್ತೈತೆ ಹೇಮಕ್ಕ?" ನಜೀರಾ ಗೋಡೆಯ ಮೇಲಿಂದ ಕೈ ಚಾಚಿದಳು. "ನಿಮ್ ನೇಮ ನನ್ ಬಾಯಿಗಿಲ್ಲ. ಒಂದು ಕೊಡು, ಹೇಳ್ಬಿಡ್ತೀನಿ. ಯಾರಿಗೆ ಗೊತ್ತಾಗ್ತೈತೆ?"

ಹೇಮಾವತಿ ಆ ಕೈಯನ್ನೇ ನೋಡಿದಳು. ಒಂದೇ ಒಂದು ಉಂಗುರ, ಯಾರು ಎಣಿಸಿದ್ದಾರೆ? ಆದರೆ ಕಳೆದ ವರ್ಷ ಅವನ ಬೆರಳಿನಿಂದ ಬಿಡಿಸಿಕೊಂಡದ್ದನ್ನು ಈ ವರ್ಷ ಅವನಿಗಿಂತ ಮೊದಲು ಇನ್ನೊಬ್ಬರ ಕೈಗೆ ಹೇಗೆ ಕೊಡುವುದು?

"ಬ್ಯಾಡ ಕಣೆ. ಅವ್ರಿಗೆ ಮೊದ್ಲು," ಎಂದಳು.

"ಸರಿ ಬಿಡು. ಹಾಕಿರ್ತೀಯ. ಕೈ ಮರೆಯಾಕಿಲ್ಲ," ಎಂದು ನಜೀರಾ ಕೈ ಹಿಂದಕ್ಕೆ ತೆಗೆದುಕೊಂಡಳು.

ಮತ್ತೆ ಕಲಸೋಣವೆಂದರೆ ಹೊತ್ತಿರಲಿಲ್ಲ. ಜಗಳೂರಿನಿಂದ ಗಂಡನ ಅಕ್ಕ ಸರ್ವಮಂಗಳಮ್ಮ ಬಂದಿಳಿದರು, ಅವರ ಹಿಂದೆಯೇ ನ್ಯಾಮತಿಯಿಂದ ಮಗಳು ಸಂಧ್ಯಾರಾಣಿ, ಅಳಿಯ ಪ್ರವೀಣ್ ಕುಮಾರ್. ಸರ್ವಮಂಗಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಪದ್ಧತಿ ನಾಲಿಗೆಯ ತುದಿಯಲ್ಲಿ. ಕಾಲು ತೊಳೆದು ಒಳಗೆ ಬಂದವರೇ ಡಬ್ಬದ ಕಡೆ ಕೈ ತೋರಿಸಿದರು.

"ಮೀಸಲು ತಾನೆ? ಯಾರೂ ಮುಟ್ಟಿಲ್ವಲ್ಲ?"

"ಇಲ್ಲ ಅಕ್ಕ, ಯಾರೂ ಮುಟ್ಟಿಲ್ಲ."

ನಡುಮನೆಯಲ್ಲಿ ತಿಪ್ಪೇರುದ್ರಪ್ಪನ ಫೋಟೋ ಇಟ್ಟು, ಮುಂದೆ ಹೊಸ ಪಂಚೆ, ಖಾಕಿ ಅಂಗಿ ಮಡಿಸಿಟ್ಟರು. ಬಾಳೆ ಎಲೆ ಹಾಸಿದಾಗ ಸರ್ವಮಂಗಳಮ್ಮ ಎಲ್ಲಕ್ಕಿಂತ ಮೊದಲು ಎಲೆಯ ತುದಿಗೆ ಉಪ್ಪು ಬಡಿಸಿದರು. ಅಕ್ಕನಿಗೆ ಗೊತ್ತು, ಎಲೆ ತುದಿಯಲ್ಲಿ ಉಪ್ಪು ಕಾಣದೆ ತಮ್ಮನು ಊಟಕ್ಕೆ ಕೈ ಹಚ್ಚುತ್ತಿರಲಿಲ್ಲ. ಆಮೇಲೆ ಹೋಳಿಗೆ, ಅನ್ನ, ಪಲ್ಯ, ಒಂದು ಲೋಟ ಚಹಾ. ಹೇಮಾವತಿ ಕೋಡುಬಳೆಯನ್ನು ಎರಡೂ ಕೈಯಲ್ಲಿ ತಂದು ಗುಡ್ಡೆ ಹಾಕಿದಳು. ಅವಳ ಕೈ ನಡುಗುತ್ತಿತ್ತು, ನೋಡಿದವರು ಅದನ್ನು ದುಃಖ ಎಂದುಕೊಂಡರು. ಪ್ರವೀಣ್ ಕುಮಾರ್ ಕಾಯಿ ಒಡೆದ. ದೀಪದ ಬತ್ತಿ ಎತ್ತರಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಬದುಕಿರುವವರು ಎದುರಿಗಿರಬಾರದು.

ಎಲ್ಲರೂ ಜಗಲಿಯಲ್ಲಿ ಕೂತರು. ಓಣಿಯ ಗೂಡುಗಳಲ್ಲಿ ಹಣತೆಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು, ಎಲ್ಲೋ ಸುಟ್ಟ ಪಟಾಕಿಯ ಹೊಗೆ ವಾಸನೆಯಿಲ್ಲದೆ ತೇಲಿ ಹೋಯಿತು. ಹೇಮಾವತಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಒಳಗೆ ಬಸ್ಸು ಬಂದು ನಿಂತ ಹಾಗೆ, ಇಂಜಿನು ಆರಿಸದೆ ಅವನು ಇಳಿದ ಹಾಗೆ, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ ಹಾಗೆ ಅವಳಿಗೆ ಅನಿಸಿತು. ಈಗ ಕೈ ಚಾಚಿದ. ಈಗ ಬೆರಳಿಗೆ ತೊಟ್ಟ. ಉಪ್ಪಿರಲಿ ದೇವರೇ, ಅಷ್ಟೇ ಸಾಕು ಎಂದುಕೊಂಡಳು. ಬಾಗಿಲ ಆಚೆ ಏನೋ ಸಣ್ಣಗೆ ಸರಿದ ಸದ್ದಾಯಿತು. ಅವಳ ಕಿವಿಗೆ ಮಾತ್ರ ಕೇಳಿತೇನೋ, ಉಳಿದವರು ಅಲುಗಲಿಲ್ಲ.

ಸರ್ವಮಂಗಳಮ್ಮ ಕೆಮ್ಮಿ ಬಾಗಿಲು ತೆಗೆದರು. ಎಲ್ಲರೂ ನಮಸ್ಕಾರ ಮಾಡಿದ ಮೇಲೆ ಎಡೆಯ ಗುಡ್ಡೆಯಿಂದ ಒಬ್ಬೊಬ್ಬರಿಗೂ ಪ್ರಸಾದ ಹಂಚಿದರು. ಸಂಧ್ಯಾರಾಣಿ ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡಳು. ಕರುಂ ಎಂದಿತು. ಅಗಿಯುತ್ತಿದ್ದ ಬಾಯಿ ನಿಧಾನವಾಯಿತು. ತಾಯಿಯ ಮುಖ ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಅಮ್ಮ," ಎಂದಳು, "ಅಪ್ಪಾಜಿಗೆ ಡಾಕ್ಟ್ರು ಬ್ಯಾಡ ಅಂದಿದ್ರು ಅಂತ ಉಪ್ಪೇ ಹಾಕಿಲ್ವಾ? ಈಗ್ಲೂ ಅದನ್ನ ನೆಪ್ಪಿಟ್ಕಂಡಿದೀಯಾ?"

ಪ್ರವೀಣ್ ಕುಮಾರ್ ತಲೆ ತಗ್ಗಿಸಿದ. ಸರ್ವಮಂಗಳಮ್ಮ ತಮ್ಮ ಕೈಯಲ್ಲಿದ್ದುದನ್ನು ಅಗಿದು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಂಡ್ತಿ ಅಂದ್ರೆ ಹಿಂಗಿರಬೇಕು," ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು.

ಹೇಮಾವತಿ ಸುಮ್ಮನಿದ್ದರೆ ಸಾಕಿತ್ತು. ಈ ಹೊಗಳಿಕೆ ಜಗಳೂರಿನ ತನಕ ಹೋಗುತ್ತಿತ್ತು, ಮೂಗಿನ ವಿಷಯ ಮೂಗಿನಲ್ಲೇ ಉಳಿಯುತ್ತಿತ್ತು. ಆದರೆ ಫೋಟೋದ ಒಳಗಿನಿಂದ ಅವನು ನೋಡುತ್ತಿದ್ದ. ಕಳೆದ ವರ್ಷ ಖಾಲಿ ಬೆರಳನ್ನು ನೋಡಿಕೊಂಡ ಹಾಗೆಯೇ, ಸಿಟ್ಟಿಲ್ಲದೆ.

"ಇಲ್ಲ," ಎಂದಳು. "ಬೇಕಂತ ಬಿಟ್ಟಿದ್ದಲ್ಲ. ಮರ್ತೆ. ಜ್ವರ ಬಂದಾಗಿಂದ ನಂಗೆ ವಾಸ್ನೆ ಗೊತ್ತಾಗಲ್ಲ, ಸಂಧ್ಯಾ. ಹೂವಿಂದೂ ಇಲ್ಲ, ಹಾಲು ಸೀದ್ರೂ ಇಲ್ಲ. ನೀನು ಒಲೆ ಬಿಡಿಸ್ತೀಯ ಅಂತ ಹೇಳ್ಲಿಲ್ಲ." ಅವಳು ಫೋಟೋದ ಕಡೆ ತಿರುಗಿದಳು. "ಹೋದ್ ವರ್ಷ ಅವ್ರ ಬೆರಳಿಂದ ಕಿತ್ಕಂಡಿದ್ದೆ. ಈ ಸಲ ಉಪ್ಪು ಹಾಕಿ ಬಾಯ್ತುಂಬ ಕೊಡಬೇಕು ಅಂತಿದ್ದೆ. ಸತ್ತ ಮೇಲೂ ಸಪ್ಪೇದೇ ಕೊಟ್ಟೆ."

ಸಂಧ್ಯಾರಾಣಿ ತಾಯಿಯ ಪಕ್ಕಕ್ಕೆ ಸರಿದು ಕೂತು ಅವಳ ಕೈ ಹಿಡಿದುಕೊಂಡಳು. ಒಲೆಯ ಮಾತನ್ನು ಎತ್ತಲಿಲ್ಲ. "ಅಷ್ಟೊಂದು ಹಿಟ್ಟು ಉಳಿದೈತಲ್ಲ ಡಬ್ಬದಾಗೆ. ನಾಳೆ ಕಲ್ಸು, ನಾನು ನಾಲ್ಗೆಗಿಟ್ಟು ಹೇಳ್ತೀನಿ. ನಾಳೇದು ಮೀಸಲಲ್ವಲ್ಲ," ಎಂದಳು.

ಸರ್ವಮಂಗಳಮ್ಮ ಮಾತ್ರ ಎಲೆಯನ್ನೇ ದಿಟ್ಟಿಸುತ್ತಿದ್ದರು. ಪದ್ಧತಿ ತಪ್ಪಿದ್ದಕ್ಕೆ ಬಯ್ಯುತ್ತಾರೆಂದು ಹೇಮಾವತಿ ಕಾದಳು.

"ಉಪ್ಪು ಇಲ್ದಿದ್ರೆ ಅವ್ನೇನು ಸಪ್ಪೇದೇ ತಿಂತಿದ್ನೇನು?" ಎಂದರು ಅವರು ಕೊನೆಗೆ. "ನಮ್ಮವ್ವ ಸಾರಿಗೆ ಉಪ್ಪು ಮರ್ತಾಗೆಲ್ಲ ತುಟಿ ಬಿಚ್ತಿರ್ಲಿಲ್ಲ ನಮ್ ರುದ್ರ. ಎಲೆ ತುದಿ ಉಪ್ಪು ಹಚ್ಕಂಡು ಉಣ್ತಿದ್ದ. ಅಲ್ನೋಡು."

ಹೇಮಾವತಿ ಬಗ್ಗಿ ನೋಡಿದಳು. ಗುಡ್ಡೆಯ ಮೇಲಿನಿಂದ ಒಂದು ಕೋಡುಬಳೆ ಜಾರಿ, ಎಲೆಯ ಉದ್ದಕ್ಕೂ ಉರುಳಿ ಹೋಗಿ, ತುದಿಯ ಉಪ್ಪಿನಲ್ಲಿ ಅರ್ಧ ಹುದುಗಿ ಕೂತಿತ್ತು. ಇಡುವಾಗ ಅವಳ ಕೈ ನಡುಗಿತ್ತಲ್ಲ, ಗುಡ್ಡೆ ಸರಿಯಾಗಿ ನಿಂತಿರಲಿಕ್ಕಿಲ್ಲ. ಯಾರೂ ಹಾಗೆ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳು ಅದನ್ನು ಮೆಲ್ಲಗೆ ಎತ್ತಿಕೊಂಡಳು. ಉಪ್ಪಿನ ಹರಳುಗಳು ದೀಪದ ಬೆಳಕಿಗೆ ಮಿನುಗಿದವು. ಎಡಗೈ ಕಿರುಬೆರಳಿಗೆ ತೊಟ್ಟುಕೊಂಡಳು, ಅಳತೆ ಸರಿಯಾಗಿತ್ತು. ಹೊರಗೆ ತಿರುವಿನಲ್ಲಿ ಬಸ್ಸು ಹಾರನ್ನು ಹೊಡೆಯಿತು. ಈ ಸಲ ಅವಳು ಏಳಲಿಲ್ಲ. ಫೋಟೋದಿಂದ ಕಣ್ಣು ತೆಗೆಯದೆ, ಬೆರಳನ್ನು ತುಟಿಗೆ ತಂದು, ಕೋಡುಬಳೆಯನ್ನು ಬಾಯಿಗೆ ಜಾರಿಸಿಕೊಂಡಳು. ನಾಲಿಗೆಗೆ ಉಪ್ಪು ತಾಗಿತು.