ಬೆಳ್ಳುಳ್ಳಿಯಿಲ್ಲದ ಮನೆಗೆ ಬಂದ ಪಿಶಾಚಿ

ಲಂಡನ್ನಿನ ಕೆಂಟನ್ನಿನಲ್ಲಿ ಬೆಳೆದ ಸಂಹಿತಾ ಬರೆದ ಸಂಗೀತ ನಾಟಕದ ನಾಯಕ ಒಬ್ಬ ಹಸಿದ ವ್ಯಾಂಪೈರ್, ರಕ್ತ ಹೀರುವ ಪಿಶಾಚಿ. ಬೆಳ್ಳುಳ್ಳಿ ಎಂದರೆ ಅವನಿಗೆ ಪ್ರಾಣಭಯ. ಯಾರಾದರೂ ಕರೆಯದೆ ಹೊಸಿಲು ದಾಟುವಂತೆಯೂ ಇಲ್ಲ. ಹಾಳುಕೋಟೆ ಬಿಟ್ಟು ಲಂಡನ್ನಿಗೆ ಬಂದರೆ ಬೀದಿಯ ಪ್ರತಿ ಮನೆಯಿಂದಲೂ ಬೆಳ್ಳುಳ್ಳಿ ಒಗ್ಗರಣೆಯ ಘಾಟು. ಕೊನೆಗೆ ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮೈಸೂರಿನವರ ಮನೆಯೊಂದು ಸಿಗುತ್ತದೆ. ಅಲ್ಲಿನ ಆಂಟಿ, "ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ಕೂರಿಸುತ್ತಾಳೆ. ಅವಳ ಕುತ್ತಿಗೆ ಕಚ್ಚಲು ಅವನು ಬಾಯಿ ತೆರೆದಾಗಲೆಲ್ಲ ಇನ್ನೊಂದು ಹೋಳಿಗೆ ಬೀಳುತ್ತದೆ.

ಆ ಆಂಟಿ ಸಂಹಿತಾಳ ತಾಯಿ ವತ್ಸಲಾ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಂದೆ ಜಗನ್ನಾಥ ರಕ್ತದ ಕಾಯಿಲೆಗಳ ಡಾಕ್ಟರು. "ಅವನನ್ನ ನನ್ನ ವಾರ್ಡಿಗೆ ಕಳಿಸಮ್ಮ, ನೋಡ್ತೀನಿ" ಎಂದು ನಗುತ್ತಿದ್ದರು.

1997ರಲ್ಲಿ ಪಬ್ಬೊಂದರ ಮಹಡಿಯ ಪುಟ್ಟ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ನಡೆಯಿತು. ನಿರ್ದೇಶಕ ಆಂಟಿಯ ಪಾತ್ರದವಳಿಗೆ ಕಾಸಿನಗಲದ ಕುಂಕುಮ ಇಡಿಸಿ, ಕತ್ತು ಕುಣಿಸುತ್ತ ಇಂಗ್ಲಿಷನ್ನು ಎಳೆದೆಳೆದು ಆಡುವಂತೆ ಹೇಳಿಕೊಟ್ಟಿದ್ದ. ಜನ ನಕ್ಕಿದ್ದು ಮಾತಿಗಲ್ಲ, ಉಚ್ಚಾರಣೆಗೆ. ಮುಂದಿನ ಸಾಲಿನಲ್ಲಿದ್ದ ವತ್ಸಲಾ ಸೀರೆಯ ಮೇಲೆ ಕೋಟು ಹಾಕಿಕೊಂಡು ಗುಂಡಿಗಳನ್ನೆಲ್ಲ ಬಿಗಿದರು.

ಮನೆಗೆ ಹೋಗುವಾಗ ಟ್ಯೂಬ್ ರೈಲಿನಲ್ಲಿ ಕೇಳಿದರು: "ನಾನು ಮಾತಾಡೋದು ಹಾಗಿರತ್ತೇನೇ?"

"ನೋ, ಅಮ್ಮ," ಎಂದಳು ಸಂಹಿತಾ.

ನಾಟಕ ಬಹಳ ದಿನ ನಡೆಯಲಿಲ್ಲ. ಸಂಹಿತಾ ಶಾಲೆಯೊಂದರಲ್ಲಿ ಸಂಗೀತದ ಟೀಚರಾದಳು. ಕೆಲವು ವರ್ಷಗಳ ನಂತರ, ಆಗ ನಾಟಕ ನೋಡಿದ್ದ ಹಂಗೆರಿಯ ನಿರ್ದೇಶಕಿಯೊಬ್ಬಳು ಫೋನ್ ಮಾಡಿ, ಬುಡಾಪೆಸ್ಟಿನಲ್ಲಿ ಆಡಿಸಲೇ ಎಂದು ಕೇಳಿದಳು. ಅಲ್ಲಿ ಟಿಕೆಟ್ಟಿಗೆ ನೂಕುನುಗ್ಗಲು. ಅಲ್ಲಿಂದ ವ್ಯಾಂಪೈರ್ ವಿಯೆನ್ನಾಕ್ಕೆ ಹೋದ, ಟೋಕಿಯೋಗೆ ಹಾರಿದ. "ಒಂದ್ಸಲ ನೋಡಿದ್ದೇ ಸಾಕು" ಎನ್ನುತ್ತಿದ್ದ ವತ್ಸಲಾರನ್ನು ಜಗನ್ನಾಥ ಕೊನೆಗೂ ಪುಸಲಾಯಿಸಿ ಮಗಳ ಜೊತೆ ಬುಡಾಪೆಸ್ಟಿಗೆ ಹೊರಡಿಸಿದರು.

ಅಲ್ಲಿನ ಆಂಟಿ ಬೆಳ್ಳುಳ್ಳಿ ಒಗ್ಗದ ಹಂಗೆರಿಯ ಹೆಂಗಸು. ತಲೆಗೆ ಹೂವಿನ ವಸ್ತ್ರ, ಕೈಯಲ್ಲಿ ಸೌಟು. ಬೆಳಗಾಗುತ್ತಿದೆ, ಬಿಸಿಲು ತಾಗಿದರೆ ವ್ಯಾಂಪೈರ್ ಬೂದಿಯಾಗುತ್ತಾನೆ. ಅವಳು ಪರದೆಗಳನ್ನೆಲ್ಲ ಎಳೆದು, ಬಾಗಿಲಿಗೆ ಅಡ್ಡ ನಿಂತು, ಬರಿಹೊಟ್ಟೆಯಲ್ಲಿ ಹೋಗಬೇಡ ಎಂದು ಗದರುತ್ತ ಹಾಡಿದಳು. ಭಾಷೆ ತಿಳಿಯದಿದ್ದರೂ ವತ್ಸಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದ ಸೀಟಿನ ಮುದುಕ ಹರುಕು ಇಂಗ್ಲಿಷಿನಲ್ಲಿ, "ನನ್ನಮ್ಮನೂ ಹೀಗೇ ಇದ್ದಳು" ಎಂದು ಕಣ್ಣೊರೆಸಿಕೊಂಡ.

"ಇವಳು ಸರಿಯಾಗಿ ಮಾಡ್ತಾಳೆ ಕಣೇ," ಎಂದು ವತ್ಸಲಾ ಮಗಳ ಕೈ ಹಿಡಿದರು.

2005ರಲ್ಲಿ ಲಂಡನ್ನಿನ ದೊಡ್ಡ ರಂಗಮಂದಿರವೊಂದು ಕರೆಯಿತು. ಆಂಟಿಯ ಉಚ್ಚಾರಣೆಯೇ ತಮಾಷೆ, ಅದು ಬೇಕೇ ಬೇಕು ಎಂದ ನಿರ್ಮಾಪಕ.

"ಹಾಗಾದ್ರೆ ನಾಟಕ ಇಲ್ಲ," ಎಂದು ಸಂಹಿತಾ ಎದ್ದು ಬಂದಳು. ನಾಟಕ ಕೈತಪ್ಪಿತೆಂದು ಮನೆಯಲ್ಲಿ ಕೂತು ಅತ್ತಳು. ಕೊನೆಗೆ ನಿರ್ಮಾಪಕನೇ ಸೋತು, ಅವಳು ಹೇಳಿದಂತೆಯೇ ಆಗಲಿ ಎಂದ.

ಮೊದಲ ದಿನ ವತ್ಸಲಾ ಕೆಂಟನ್ನಿನ ಗೆಳತಿಯರ ದಂಡನ್ನೇ ಕಟ್ಟಿಕೊಂಡು ಬಂದರು. ಮಧ್ಯಂತರದಲ್ಲಿ ಹಿಂದಿನ ಸಾಲಿನ ಇಂಗ್ಲಿಷ್ ಹೆಂಗಸೊಬ್ಬಳು ಯಾರಿಗೋ, "ಆ ಆಂಟಿ ಎಷ್ಟು ಚೆನ್ನಾಗಿದ್ದಾಳೆ!" ಎನ್ನುವುದು ಕೇಳಿಸಿತು.

ವತ್ಸಲಾ ತಿರುಗಿ, ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು: "ಅದು ನಾನೇ."