ಜಯಮಾಲಾಳ ಪ್ರಿಂಟರ್

ಹೊಸ ಪ್ರಿಂಟರ್ ಈ ಸಲವೂ ಹಸಿರು ದೀಪ ಮಿಟುಕಿಸಿ ಸುಮ್ಮನಾಯಿತು. ಹಾಳೆ ಕದಲಲಿಲ್ಲ.

"ಆತೇನ್ರಿ ಮೇಡಂ?" ಬಾಗಿಲಲ್ಲಿ ನಿಂತಿದ್ದ ವಿದ್ಯಾವತಿ ಕೇಳಿದಳು.

"ಆಗ್ತದ, ಕೂಡು," ಎಂದಳು ತಾಹೇರಾ. ಹುಡುಗಿ ಕೂಡಲಿಲ್ಲ. ದುಬಲಗುಂಡಿಯಿಂದ ಬೆಳಿಗ್ಗೆಯೇ ಹುಮನಾಬಾದಿಗೆ ಬಂದವಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಕೊಡಲು ಅಂದೇ ಕಡೆಯ ದಿನ. ಐದಕ್ಕೆ ಕಚೇರಿ ಮುಚ್ಚುತ್ತದೆ. ಕನ್ನಡ ಟೈಪ್ ಮಾಡುವ ಇನ್ನೊಂದು ಅಂಗಡಿಯವರು ಮದುವೆಗೆಂದು ಬೀಗ ಹಾಕಿಕೊಂಡು ಹೋಗಿದ್ದರು.

ಈ ಅಂಗಡಿಯನ್ನು ತಾಹೇರಾ ಮತ್ತು ಜಯಮಾಲಾ ಸೇರಿ ತೆರೆದಿದ್ದರು. ಕಂಪ್ಯೂಟರ್ ತಾಹೇರಾಳದು, ಪ್ರಿಂಟರ್ ಜಯಮಾಲಾಳದು. ಯುಗಾದಿ ಆದ ಮೇಲೆ ರಿಪೇರಿಗೆಂದು ಪ್ರಿಂಟರ್ ಎತ್ತಿಕೊಂಡು ಹೋದ ಜಯಮಾಲಾ ತಿರುಗಿ ಬರಲಿಲ್ಲ. ಅವಳು ಬಸವಕಲ್ಯಾಣದ ಕೋಟೆಯ ಹಾದಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆಂದು ತಾಹೇರಾಳಿಗೆ ತಿಳಿದದ್ದು ಯಾರೋ ಗಿರಾಕಿಯಿಂದ. ಅಂದಿನಿಂದ ಮಾತಿಲ್ಲ.

ಕಂಪ್ಯೂಟರ್ ಮಾತ್ರ ಆ ಪ್ರಿಂಟರನ್ನು ಬಿಟ್ಟಿರಲಿಲ್ಲ. ಎಷ್ಟು ಸಲ ಹೆಸರು ಅಳಿಸಿದರೂ, ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಬಂದು ಕೂಡುತ್ತಿತ್ತು. ಹೊಸ ಪ್ರಿಂಟರಿಗೆ ಕಳಿಸಿದ್ದೆಲ್ಲ ಇಲ್ಲದ ಪ್ರಿಂಟರಿನ ಕಡೆಗೇ ಹೋಗಿ ನಿಲ್ಲುತ್ತಿತ್ತು.

"ಮೇಡಂ, ಬಸವಕಲ್ಯಾಣಕ್ಕ ಹೋಗ್ಲೇನ್ರಿ? ಅಲ್ಲಿ ಜಯಮಾಲಾ ಅಂತ ಇದ್ದಾರಂತ, ಚಲೋ ಮಾಡಿಕೊಡ್ತಾರಂತ."

"ಹೋಗಿ ಬರೋದ್ರಾಗ ಕಚೇರಿ ಮುಚ್ತದ," ಎಂದಳು ತಾಹೇರಾ, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಎದ್ದಳು, ಕೂತಳು, ಮತ್ತೆ ಎದ್ದು ಫೋನ್ ತೆಗೆದಳು. ನಂಬರ್ ಬೆರಳಿಗೇ ಗೊತ್ತಿತ್ತು.

"ಹಲೋ, ಯಾರ್ರಿ?"

"ನಾನು."

ಜಯಮಾಲಾ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದುದು ಉರ್ದುವಿನಲ್ಲೇ. "ಆಪಾ?"

"ನಿನ್ನ ಪ್ರಿಂಟರ್ ಹೋಗವಲ್ದು."

"ನಾ ತಗೊಂಡು ಬಂದೇನಲ್ರಿ ಆಪಾ..."

"ಕಂಪ್ಯೂಟರ್ ಒಳಗಿಂದ ಹೋಗವಲ್ದು! ಇಲ್ಲಿ ಹುಡುಗಿ ನಿಂತಾಳ, ಐದರೊಳಗ ಅರ್ಜಿ ಕೊಡಬೇಕು. ಜಲ್ದಿ ಹೇಳು."

"ಅದರ ಡ್ರೈವರ್ ಒಳಗ ಉಳದದ. ಮ್ಯಾಲೆ ಅಳಿಸಿದ್ರ ಹೋಗಂಗಿಲ್ಲ. ಕಮಾಂಡ್ ಹೊಡಿಯೋ ಕರಿ ಕಿಟಕಿ ತೆಗೀರಿ. ನಾ ಹೇಳಿದ್ದು ಒಂದೊಂದೇ ಅಕ್ಷರ ಹೊಡೀರಿ. ಡಿ, ಇ, ವಿ, ಎಂ..."

"ಎಂ ಏನು, ಎನ್ ಏನು?"

"ಎಂ. ನಮ್ಮ ಮಿಸ್ಬಾನ ಎಂ."

ಮಿಸ್ಬಾ ತಾಹೇರಾಳ ಮಗಳು. ತಾಹೇರಾ ಎಂ ಹೊಡೆದಳು. ಮುಂದಿನದು ತಪ್ಪಿತು. ಮತ್ತೆ ಮೊದಲಿಂದ. ವಿದ್ಯಾವತಿ ಗಡಿಯಾರ ನೋಡಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಕಡೆಗೆ ಪರದೆ ತುಂಬ ಹೆಸರುಗಳು ತೆರೆದುಕೊಂಡವು. ನಡುನಡುವೆ ಈಗ ಇಲ್ಲದ ಯಂತ್ರಗಳ ಬಣ್ಣ ಹೋದ ಚಿತ್ರಗಳು. ಅಂಗಡಿ ತೆರೆದ ವರ್ಷದ ಮೌಸ್, ಸಿಡಿಲಿಗೆ ಸುಟ್ಟ ಮೋಡೆಮ್, ಇಬ್ಬರೂ ಹೈದರಾಬಾದಿಗೆ ಹೋಗಿ ತೊಡೆಯ ಮೇಲಿಟ್ಟುಕೊಂಡು ತಂದ ಸ್ಕ್ಯಾನರ್. ಎಲ್ಲಕ್ಕೂ ಕೆಳಗೆ ಪ್ರಿಂಟರ್.

"ಮಸಕಾಗಿದ್ದು ಎಲ್ಲಾ ತೆಗೀತೀನಿ," ಎಂದಳು.

"ಎಲ್ಲಾ ಬ್ಯಾಡ್ರಿ. ಕೆಲವು ಬೇಕಾಗ್ತಾವ. ಪ್ರಿಂಟರ್ ಅಷ್ಟ ತೆಗೀರಿ, ಬಂದ್ ಮಾಡಿ ಚಾಲೂ ಮಾಡ್ರಿ."

ಪರದೆ ಕಪ್ಪಾಯಿತು. ಯಂತ್ರ ನಿಧಾನಕ್ಕೆ ಗುರುಗುಟ್ಟತೊಡಗಿತು. ಯಾರೂ ಫೋನ್ ಇಡಲಿಲ್ಲ.

"ನನಗ ಯಾಕ ಹೇಳ್ಲಿಲ್ಲ?" ವಿದ್ಯಾವತಿ ಕೇಳಿಸಿಕೊಳ್ಳುತ್ತಿದ್ದಾಳೆಂಬುದು ಗೊತ್ತಿದ್ದೂ ತಾಹೇರಾ ಕೇಳಿಬಿಟ್ಟಳು.

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ," ಎಂದಳು ಜಯಮಾಲಾ. "ನೀವು ಬ್ಯಾಡ ಅಂದಿದ್ರ ನಾ ಹೋಗ್ತಿರಲಿಲ್ಲ, ಆಪಾ."

ತಾಹೇರಾ ಅರ್ಜಿ ತೆರೆದು ಗುಂಡಿ ಒತ್ತಿದಳು. ಪ್ರಿಂಟರ್ ಒಮ್ಮೆ ಕೆಮ್ಮಿ ಹಾಳೆಯನ್ನು ಒಳಕ್ಕೆ ಎಳೆದುಕೊಂಡಿತು. ಅಕ್ಷರಗಳು ಹೊರಬರುವ ಮೊದಲೇ ವಿದ್ಯಾವತಿ ಕೈ ಚಾಚಿದ್ದಳು.

"ಬಂತೇನ್ರಿ?" ಫೋನಿನಲ್ಲಿ ಜಯಮಾಲಾ ಕೇಳಿದಳು.

"ಬಂತು."

"ಗಿರಾಕಿ ಬಂದಾರ್ರಿ. ಇಡ್ಲೇನು?"

"ಇಡು," ಎಂದ ಮೇಲೂ ತಾಹೇರಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಆಮೇಲೆ ಕೆಲಸ ಸಾಗಲಿಲ್ಲ. ಒಂದು ಕರಾರುಪತ್ರ ಟೈಪ್ ಮಾಡಲು ಕೂತು ಎರಡು ಸಾಲು ಹೊಡೆದು ಅಳಿಸಿದಳು. ವಿದ್ಯಾವತಿ ಆಟೋದಿಂದ ತಲೆ ಹೊರಗೆ ಹಾಕಿ, "ಕೊಟ್ಟೆನ್ರಿ ಮೇಡಂ! ತಗೊಂಡ್ರು!" ಎಂದು ಕೂಗಿ ಹೋದಳು. ತಾಹೇರಾ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು.

ರಸ್ತೆ ದಾಟುತ್ತಿದ್ದ ಆಡುಗಳಿಗಾಗಿ ಬಸವಕಲ್ಯಾಣದ ಬಸ್ಸೊಂದು ಅಂಗಡಿಯ ಮುಂದೆಯೇ ನಿಂತಿತು. ಬಾಗಿಲಿಗೆ ಜೋತುಬಿದ್ದಿದ್ದ ಕಂಡಕ್ಟರ್, "ಕಲ್ಯಾಣ, ಕಲ್ಯಾಣ!" ಎಂದು ಕೂಗಿ ಅವಳನ್ನು ನೋಡಿದ.

"ಬರ್ತೀರೇನ್ರಿ?"

ತಾಹೇರಾಳ ಒಂದು ಕಾಲು ಮಾತ್ರ ಚಪ್ಪಲಿಯೊಳಗಿತ್ತು. ಆಡುಗಳು ಒಂದೊಂದಾಗಿ ಆಚೆ ಬದಿಗೆ ಹೋಗುತ್ತಿದ್ದವು.