ಒಂಬತ್ತನೆಯ ಬಾಗಿಲು

ನಾನು ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲಿ ಮಾವ ಕೆಂಪಣ್ಣನವರು ಕರೆದು ಕೂರಿಸಿ ತಮ್ಮ ಸ್ಕಾಟ್‌ಲೆಂಡಿನ ಆಲ್ಬಮ್ ತೋರಿಸಿದರು. ಕೋಟೆ, ಸರೋವರ ಏನಾದರೂ ಇದ್ದೀತು ಎಂದು ಆಸೆಯಿಂದ ಕೂತೆ. ಹದಿನಾಲ್ಕು ಫೋಟೋ. ಹದಿನಾಲ್ಕರಲ್ಲೂ ಬಾಗಿಲು! "ನಿಮ್ಮಪ್ಪನ ತಲೆ ನೆಟ್ಟಗಿದೆ ತಾನೆ?" ಎಂದು ಒಳಗೆ ಹೋಗಿ ಗಂಡನನ್ನು ಕೇಳಿದ್ದೆ.

ಮಾವ ಸರ್ಕಾರಿ ನಕ್ಷೆಗಾರರು. ಇಪ್ಪತ್ತೈದರ ವಯಸ್ಸಿನಲ್ಲಿ ಆರು ತಿಂಗಳ ತರಬೇತಿಗೆ ಇನ್ವರ್‌ಕೆಲ್ಟಿ ಎಂಬ ಪುಟ್ಟ ಊರಿಗೆ ಹೋಗಿದ್ದರು. ಕರ್ಕ್ ವೈಂಡ್ ಎಂಬ ಓಣಿಯಲ್ಲಿ ಬಾಡಿಗೆ ಕೋಣೆ. ಓಣಿಯ ಒಂದೊಂದು ಬಾಗಿಲನ್ನೂ ಅಳೆದ ದೂರದಲ್ಲಿ ನಿಂತು ಫೋಟೋ ತೆಗೆದು, ಬೆನ್ನಿಗೆ ಕನ್ನಡದ ಅಂಕಿಯಲ್ಲಿ ಮನೆ ನಂಬರು ಬರೆದಿದ್ದರು. ಯಾರಾದರೂ ಅಡ್ಡ ಬಂದರೆ ಕೈಮುಗಿದು ಪಕ್ಕಕ್ಕೆ ಸರಿಸುತ್ತಿದ್ದರಂತೆ. ನಕ್ಷೆಯಲ್ಲಿ ಮನುಷ್ಯರಿಗೇನು ಕೆಲಸ?

ಆರ್.ಕೆ.ಪುರಂನಲ್ಲಿ ನಾವು ಮೂರು ಸಲ ಕ್ವಾರ್ಟರ್ಸ್ ಬದಲಿಸಿದೆವು. ಮೂರು ಸಲವೂ ನಾನು ಆ ಆಲ್ಬಮನ್ನು ಗುಜರಿ ಆಯುವ ಕಬಾಡಿ ಭಯ್ಯಾನಿಗೆ ಕೊಡಲು ಹೊರಟವಳೇ. ಮಾವ ಬಿಡಲಿಲ್ಲ. ಅಂಟು ಹೋಗಿ ಫೋಟೋಗಳು ಉದುರಿದ ಮೇಲೆ ಸೋನ್ ಪಾಪಡಿ ಡಬ್ಬಿಯಲ್ಲಿ ತುಂಬಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡರು. ಈಗ ಅವರಿಗೆ ಎಂಬತ್ತಾರು. ಕಣ್ಣು ಬಹುಪಾಲು ಹೋಗಿದೆ, ಹಟ ಹೋಗಿಲ್ಲ.

ಹೋದ ಚಳಿಗಾಲ ನನ್ನ ಮಗಳು ತನುಶ್ರೀ ಫೋನಿನಲ್ಲಿ ಏನನ್ನೋ ನೋಡಿ ಕಿರುಚಿದಳು. "ತಾತಾ, ಸುನೋ! ನಿಮ್ಮ ಕರ್ಕ್ ವೈಂಡ್ ಅರವತ್ತಾರರಲ್ಲೇ ಕೆಡವಿದ್ದಾರಂತೆ, ರೋಡ್ ಮಾಡೋಕೆ. ಅಲ್ಲಿನ ಪರಂಪರೆ ಸಂಘದವರು ಹಳೇ ಫೋಟೋಸ್ ಕೇಳ್ತಿದ್ದಾರೆ. ಯಾರ ಹತ್ರಾನೂ ಪೂರ್ತಿ ಓಣಿ ಇಲ್ಲ."

"ನನ್ನ ಹತ್ರ ಇದೆ," ಎಂದರು ಮಾವ.

ಅವಳು ಫೋಟೋಗಳನ್ನು ಕಳಿಸಿದಳು. ಸಂಘದವರು ಕುಣಿದಾಡಿಬಿಟ್ಟರು. ಊರಿನ ಸಭಾಂಗಣದಲ್ಲಿ ಎರಡು ಗೋಡೆಗೆ ಎರಡು ಸಾಲು ಹಚ್ಚಿ, ಇಲ್ಲವಾದ ಓಣಿಯನ್ನು ಮತ್ತೆ ನಿಲ್ಲಿಸುತ್ತೇವೆ ಎಂದು ಬರೆದರು. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು.

ವಾರದ ನಂತರ ಇನ್ನೊಂದು ಪತ್ರ ಬಂತು. ಒಂಬತ್ತನೆಯ ಮನೆಯಲ್ಲಿ ಹುಟ್ಟಿದ ಮೋರಾಗ್ ಎಂಬ ಹೆಂಗಸಿನದು. ಅವಳಿಗೆ ಆರು ವರ್ಷವಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮನೆಯದಾಗಲಿ ತಾಯಿಯದಾಗಲಿ ಒಂದು ಫೋಟೋವೂ ಇಲ್ಲ. ನೆನಪಿರುವುದು ಒಂದೇ: ಅಮ್ಮ ಆ ಊರಿನ ಹೆಂಗಸರ ರೂಢಿಯಂತೆ ಹೊಸಿಲ ಕಲ್ಲಿನ ಮೇಲೆ ಸುಣ್ಣದಲ್ಲಿ ಏನೋ ಬರೆಯುತ್ತಿದ್ದಳು, ತಾನು ತುಳಿದದ್ದಕ್ಕೆ ಬೈದಳು. ನೀವು ಕಳಿಸಿದ್ದರಲ್ಲಿ ಒಂಬತ್ತು ಮಾತ್ರ ಇಲ್ಲವಲ್ಲ ಎಂದು ಕೇಳಿದ್ದಳು. ಕೆಳಗೆ ಸಂಘದವರು, ಹಿರಿಯರು ಮರೆತಿರಬೇಕು, ಪರವಾಗಿಲ್ಲ ಎಂದು ಸೇರಿಸಿದ್ದರು.

ಆ 'ಪರವಾಗಿಲ್ಲ' ಮಾವನಿಗೆ ನಾಟಿತು. "ಏನು ಪರವಾಗಿಲ್ಲ? ಫೋಟೋ ತೆಗೆಯುವಾಗ ನನಗೆ ಇಪ್ಪತ್ತೈದು! ಎಂಟು ಮುಗಿಸಿ ಹತ್ತಕ್ಕೆ ಹಾರೋದಕ್ಕೆ ನಾನೇನು ಕುಂಟೆಬಿಲ್ಲೆ ಆಡ್ತಿದ್ನಾ?"

ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಾರು ಆರಿತು. ಅಷ್ಟು ದೂರದ ಹೆಂಗಸು ತಾಯಿಯ ಮನೆ ಕೇಳುತ್ತಿದ್ದಾಳೆ, ಇವರಿಗೆ ತಮ್ಮ ಲೆಕ್ಕವೇ ದೊಡ್ಡದಾಯಿತಲ್ಲ ಎಂದು ನನಗೂ ಸಿಟ್ಟು. ಕೊನೆಗೆ ಡಬ್ಬಿಯನ್ನು ನನ್ನ ಮಡಿಲಿಗಿಟ್ಟರು. "ಮನೋರಮಾ, ನೀನು ಓದು. ಬೆನ್ನು ನೋಡಿ ಓದು."

ಓದುತ್ತಾ ಹೋದೆ. ಹದಿನಾಲ್ಕೂ ಇದ್ದವು. ಒಂಬತ್ತೂ ಇತ್ತು.

ತನುಶ್ರೀಯನ್ನು ಕರೆದು ಅದನ್ನು ಮುಖದ ಮುಂದೆ ಹಿಡಿದೆ. "ಇದನ್ನ ಯಾಕೆ ಕಳಿಸಲಿಲ್ಲ?"

"ಮಮ್ಮಾ, ಅದು ಛೇ ಹೈ ನಾ? ಆರು. ಎರಡು ಆರು ಇತ್ತು, ಸೋ ಒಂದು ಬಿಟ್ಟೆ. ಇದರಲ್ಲಿ ಯಾರೋ ಆಂಟಿ ಅಡ್ಡ ಬಂದಿದ್ದಾರೆ."

ದೆಹಲಿಯ ಶಾಲೆಯಲ್ಲಿ ಕಲಿತ ಹುಡುಗಿ ನಮ್ಮ ೯ನ್ನು ಹಿಂದಿಯ ಆರು ಎಂದು ಓದಿದ್ದಳು! ಉಳಿದ ಅಂಕಿಗಳು ಹಿಂದಿಯ ಅಂದಾಜಿನಲ್ಲೇ ಹೊಂದಿಕೊಂಡಿದ್ದವು, ಇದೊಂದು ಕೈಕೊಟ್ಟಿತ್ತು. ಬೈಯಲು ಬಾಯಿ ತೆರೆದೆ. ಅವಳಿಗೆ ಕನ್ನಡ ಓದಲು ಕಲಿಸದವಳು ನಾನೇ ಎಂದು ನೆನಪಾಗಿ ಮುಚ್ಚಿಕೊಂಡೆ.

"ಅಡ್ಡ ಬಂದಿದ್ದಲ್ಲ," ಎಂದರು ಮಾವ. "ಆಯಮ್ಮ ಸರಿಯಲೇ ಇಲ್ಲ. ಕೆಲಸ ಮುಗೀಲಿ, ಆಮೇಲೆ ತಗೋ ಅಂದಳು. ನನಗೆ ಬೆಳಕು ಹೋಗ್ತಿತ್ತು, ತೆಗೆದುಬಿಟ್ಟೆ."

ಫೋಟೋದ ಮುಖ, ಬೆನ್ನು ಎರಡನ್ನೂ ಕಳಿಸಿದ ಮರುದಿನವೇ ಮೋರಾಗ್ ವಿಡಿಯೋ ಕಾಲ್ ಮಾಡಿದಳು. ಬಿಳಿ ಕೂದಲು, ಕೆಂಪು ಮೂಗು. "ತಲೆ ಬಗ್ಗಿಸಿದ್ದಾಳೆ, ಮುಖ ಸರಿಯಾಗಿ ಕಾಣುತ್ತಿಲ್ಲ. ಆದರೆ ಆ ಕೈ ಅಮ್ಮನದೇ," ಎಂದಳು. ಆಮೇಲೆ, ಬೆನ್ನ ಮೇಲಿನ ಬರಹ ಏನು ಎಂದು ಕೇಳಿದಳು. ಉಳಿದವಕ್ಕೆಲ್ಲ ಬರೀ ನಂಬರು, ಇದಕ್ಕೆ ಮಾತ್ರ ಎರಡು ಸಾಲು ಇತ್ತು.

ನಾನು ಓದಿದೆ: "೯. ರಂಗೋಲಿ. ಮಗು ತುಳಿದಿದೆ, ತಾಯಿ ಮತ್ತೆ ಹಾಕುತ್ತಿದ್ದಾಳೆ."

ತನುಶ್ರೀ ಇಂಗ್ಲಿಷಿಗೆ ತಿರುಗಿಸಿದಳು. ರಂಗೋಲಿ ಎಂದರೇನು ಎಂದು ಬಿಡಿಸಿ ಹೇಳಿದಳು. ಮೋರಾಗ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಆ ಮಗು ನಾನೇ," ಎಂದಳು. "ಅವತ್ತು ಅಮ್ಮನಿಗೆ ತುಂಬಾ ಕೋಪ ಬಂದಿತ್ತು. ನನಗೆ ಉಳಿದಿರುವುದು ಆ ಕೋಪ ಒಂದೇ."

ಮಾವ ಫೋನಿನ ತೀರಾ ಹತ್ತಿರಕ್ಕೆ ಬಗ್ಗಿದರು. ಎಷ್ಟೋ ವರ್ಷದಿಂದ ಆಡದ ಅವರ ಇಂಗ್ಲಿಷು ತಡವರಿಸುತ್ತಾ ಬಂತು. ಯಾರೂ ಅನುವಾದ ಮಾಡಬೇಕಾಗಲಿಲ್ಲ.

"ಇಲ್ಲಮ್ಮಾ. ನಾನು ಎದುರಿಗೇ ನಿಂತಿದ್ದೆ. ನೀನು ಒಳಗೆ ಓಡಿಹೋದೆ. ಅವಳು ಬಗ್ಗಿ ನಗ್ತಿದ್ದಳು. ಅದಕ್ಕೇ ಫೋಟೋ ಅಲುಗಿದೆ ನೋಡು. ಅವಳ ನಗು ನೋಡಿ ನನಗೂ ನಗು ಬಂತು, ಕೈ ಅಲುಗಿತು."